ವಾಫಲ್‌ಗೆ ಮರಳಿದ ತೌಡು

ವಿಯೆನ್ನಾದ ಕಲಾ ಇತಿಹಾಸ ಸಂಗ್ರಹಾಲಯದಲ್ಲಿ ಪೀಟರ್ ಬ್ರೂಗಲ್ 1559ರಲ್ಲಿ ರಚಿಸಿದ ದೊಡ್ಡ ಚಿತ್ರವೊಂದಿದೆ. ಕ್ರೈಸ್ತರ ನಲವತ್ತು ದಿನಗಳ ಉಪವಾಸಕ್ಕೂ ಅದಕ್ಕೆ ಮುಂಚೆ ನಡೆಯುವ ಮೋಜಿನ ಹಬ್ಬಕ್ಕೂ ಊರ ಚೌಕದಲ್ಲಿ ಕಾಳಗ ಬಿದ್ದಂತೆ ಕಲಾವಿದ ಅದನ್ನು ಕಲ್ಪಿಸಿದ್ದಾನೆ. ಉಪವಾಸದ ಪಕ್ಷದವರ ಆಹಾರ ಮೀನು, ಒಣ ರೊಟ್ಟಿ. ಹಬ್ಬದ ಪಕ್ಷದಲ್ಲಿ ಹೆಂಗಸೊಬ್ಬಳು ಬೆಂಕಿಯ ಮುಂದೆ ಕುಳಿತು ವಾಫಲ್ ಸುಡುತ್ತಿದ್ದಾಳೆ. ದಾಳ ಉರುಳಿಸುತ್ತಿರುವವರ ಬಳಿಯೂ ವಾಫಲ್‌ಗಳಿವೆ. ಉಪವಾಸದ ದಿನಗಳಲ್ಲಿ ಮೊಟ್ಟೆ, ಹಾಲು, ಬೆಣ್ಣೆ ನಿಷಿದ್ಧವಾಗಿದ್ದುದರಿಂದ ಮನೆಯಲ್ಲಿದ್ದುದನ್ನೆಲ್ಲ ಅಷ್ಟರೊಳಗೆ ತಿಂದು ಮುಗಿಸಬೇಕಿತ್ತು. ವಾಫಲ್ ಹುಟ್ಟಿನಿಂದಲೇ ಹಬ್ಬದ ತಿಂಡಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ವರ್ಷಕ್ಕೆ ಕೆಲವು ದಿನ ತಿನ್ನುವ ತಿಂಡಿಯಲ್ಲಿ ಬೆಣ್ಣೆ, ಸಕ್ಕರೆ ಎಷ್ಟಿದೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಲೆಕ್ಕದ ಪ್ರಶ್ನೆ ಏಳುವುದು ಹಬ್ಬದ ತಿಂಡಿ ನಿತ್ಯದ ಉಪಾಹಾರವಾದಾಗ. ಇಡೀ ಧಾನ್ಯದ ಹಿಟ್ಟು, ಹಣ್ಣು ಬಳಸಿ ಮನೆಯಲ್ಲೇ ವಾಫಲ್ ಮಾಡಿಕೊಳ್ಳುವ ಈಚಿನ ಒಲವನ್ನು ಆಹಾರದ ಹೊಸ ಗೀಳೆಂದು ತಳ್ಳಿಹಾಕುವ ಮೊದಲು, ಈ ತಿಂಡಿಯಿಂದ ಏನೇನು ಯಾವಾಗ ಹೊರಟುಹೋಯಿತು ಎಂಬುದನ್ನು ನೋಡಬೇಕು.

ಮೊದಲು ವಾಫಲ್ ಎಂದರೇನು? ಎರಡು ಕಬ್ಬಿಣದ ಹಲಗೆಗಳ ನಡುವೆ ಹಿಟ್ಟು ಹೊಯ್ದು, ಒತ್ತಿ, ಎರಡೂ ಮಗ್ಗುಲಿನಿಂದ ಏಕಕಾಲಕ್ಕೆ ಬೇಯಿಸಿದ ದಪ್ಪ ದೋಸೆ ಎನ್ನಬಹುದು. ಹಲಗೆಗಳ ಮೇಲಿನ ಉಬ್ಬುಗಳಿಂದ ತಿಂಡಿಯ ಮೈಮೇಲೆ ಚೌಕಾಕಾರದ ಗುಳಿಗಳು ಮೂಡುತ್ತವೆ. ಹಳೆಯ ಡಚ್ ಭಾಷೆಯಿಂದ ಬಂದ ಈ ಹೆಸರಿಗೆ ಜೇನುಗೂಡನ್ನು ಸೂಚಿಸುವ ಜರ್ಮನ್ ಪದದೊಡನೆ ನಂಟಿದೆ. ಮೂಲದಲ್ಲಿ ಈ ಕಬ್ಬಿಣದ ಅಚ್ಚು ಅಡುಗೆಮನೆಗಿಂತ ಚರ್ಚಿಗೆ ಹತ್ತಿರವಾಗಿತ್ತು. ಮಧ್ಯಯುಗದ ಯುರೋಪಿನಲ್ಲಿ ಪೂಜೆಯ ಪ್ರಸಾದವಾದ ತೆಳ್ಳನೆಯ, ಹುದುಗಿಲ್ಲದ ಬಿಲ್ಲೆಗಳನ್ನು ಉದ್ದ ಹಿಡಿಯ ಇಂಥ ಅಚ್ಚುಗಳಲ್ಲೇ ಸುಡುತ್ತಿದ್ದರು. ಅದೇ ಅಚ್ಚು ಜನರ ಕೈಗೆ ಬಂದಾಗ ಹಿಟ್ಟು ದಪ್ಪವಾಯಿತು, ಗುಳಿಗಳು ಆಳವಾದವು. 14ನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಗೃಹಸ್ಥನೊಬ್ಬ ತನ್ನ ಎಳೆಯ ಹೆಂಡತಿಗಾಗಿ ಬರೆಸಿದ ಗೃಹಕೃತ್ಯದ ಕೈಪಿಡಿಯಲ್ಲಿ ವಾಫಲ್ ಮಾಡುವ ಕ್ರಮಗಳಿವೆ. ಅಲ್ಲಿ ಹೇಳಿರುವುದು ಮೊಟ್ಟೆ, ಉಪ್ಪು, ದ್ರಾಕ್ಷಾರಸದ ಮದ್ಯ, ಹಿಟ್ಟು, ಬೇಕಾದರೆ ಗಿಣ್ಣು. ವಾಫಲ್ ಎಂದರೆ ಸಿಹಿಯೇ ಆಗಬೇಕೆಂಬ ನಿಯಮ ಆಗ ಇರಲಿಲ್ಲ.

ಹಿಟ್ಟಿನ ವಿಚಾರದಲ್ಲೂ ನಿಯಮವಿರಲಿಲ್ಲ. ನಾರ್ವೆಯ ಮನೆಗಳಲ್ಲಿ ಹೃದಯದ ಆಕಾರದ ಐದು ಎಸಳುಗಳ ವಾಫಲ್‌ಗೆ ಓಟ್ಸ್ ಅಥವಾ ಬಾರ್ಲಿಯ ಹಿಟ್ಟು ಬೆರೆಸುವ ರೂಢಿ ಇಂದಿಗೂ ಇದೆ. ಜೊತೆಗೆ ಕಾಡುಹಣ್ಣಿನ ಪಾಕ ಅಥವಾ ಕಂದು ಗಿಣ್ಣು. ಸ್ವೀಡನ್ನಿನಲ್ಲಿ ಮಾರ್ಚ್ 25 ವಾಫಲ್ ದಿನ. ಅದು ವಾಸ್ತವವಾಗಿ ಮೇರಿ ಮಾತೆಗೆ ಸಂಬಂಧಿಸಿದ ಹಬ್ಬ. ಆ ಭಾಷೆಯಲ್ಲಿ 'ನಮ್ಮ ಮಾತೆಯ ದಿನ' ಎಂಬ ಮಾತು 'ವಾಫಲ್ ದಿನ' ಎಂಬಂತೆ ಕೇಳಿಸುತ್ತಿದ್ದುದರಿಂದ, ಉಚ್ಚಾರಣೆಯ ಜಾರುವಿಕೆಯಲ್ಲಿ ಒಂದು ತಿಂಡಿಗೆ ಹಬ್ಬವೇ ದಕ್ಕಿತು!

ಡಚ್ ವಲಸಿಗರೊಡನೆ 17ನೇ ಶತಮಾನದಲ್ಲಿ ವಾಫಲ್ ಅಮೆರಿಕಕ್ಕೆ ಹೋಯಿತು. ಅದರ ಭವಿಷ್ಯ ತಿರುಗಿದ್ದು ಅಲ್ಲಿಯೇ. ನ್ಯೂಯಾರ್ಕ್ ರಾಜ್ಯದ ಟ್ರಾಯ್ ಪಟ್ಟಣದ ಕಾರ್ನೇಲಿಯಸ್ ಸ್ವಾರ್ಟ್‌ವೌಟ್ ಎಂಬಾತ ಒಲೆಯ ಮೇಲಿಟ್ಟು ಸುಲಭವಾಗಿ ಮಗುಚಬಹುದಾದ ವಾಫಲ್ ಅಚ್ಚಿಗೆ 1869ರ ಆಗಸ್ಟ್ 24ರಂದು ಪೇಟೆಂಟ್ ಪಡೆದ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ವಿದ್ಯುತ್ ಅಚ್ಚುಗಳು ಬಂದವು. ಕಷ್ಟದ ಕೆಲಸ ಹಗುರವಾಯಿತು. ಹಗುರವಾದ ಕೆಲಸ ಪದೇ ಪದೇ ನಡೆಯತೊಡಗಿತು.

ಇದೇ ಅವಧಿಯಲ್ಲಿ ಹಿಟ್ಟಿನ ಗಿರಣಿಯಲ್ಲಿ ಇನ್ನೊಂದು ಕ್ರಾಂತಿ ನಡೆಯುತ್ತಿತ್ತು. ಗೋಧಿಕಾಳಿನಲ್ಲಿ ಮೂರು ಭಾಗಗಳಿವೆ. ಹೊರಗಿನ ಪದರಗಳಾದ ತೌಡು ಕಾಳಿನ ತೂಕದ ಶೇ. 14ರಷ್ಟು, ಮುಂದೆ ಮೊಳಕೆಯಾಗುವ ಭ್ರೂಣ ಶೇ. 3ರಷ್ಟು, ಉಳಿದುದೆಲ್ಲ ಪಿಷ್ಟ ತುಂಬಿದ ಒಳತಿರುಳು. ನಾರು, ಕಬ್ಬಿಣ, ಮೆಗ್ನೀಸಿಯಂ, ಬಿ ಗುಂಪಿನ ಜೀವಸತ್ವಗಳು ಬಹುಪಾಲು ಆ ತೌಡು ಮತ್ತು ಭ್ರೂಣದಲ್ಲೇ ಇರುತ್ತವೆ. ಬೀಸುಗಲ್ಲು ಈ ಮೂರನ್ನೂ ಒಟ್ಟಿಗೆ ಅರೆಯುತ್ತದೆ. ಎಷ್ಟು ಜರಡಿ ಹಿಡಿದರೂ ಹಿಟ್ಟು ಪೂರ್ತಿ ಬಿಳುಪಾಗದು. ಹಂಗೇರಿಯಲ್ಲಿ ಬೆಳೆದು 1870ರ ದಶಕದ ನಂತರ ಅಮೆರಿಕದ ಮಿನಿಯಾಪೊಲಿಸ್ ಕಡೆಗೂ ಹಬ್ಬಿದ ಉರುಳೆ ಗಿರಣಿಗಳು ಕಾಳನ್ನು ಹಂತಹಂತವಾಗಿ ಒಡೆದು, ತಿರುಳನ್ನು ತೌಡಿನಿಂದ ಸುಲಿದು ತೆಗೆದವು. ಅಚ್ಚ ಬಿಳಿಯ ಮೈದಾ ಅಗ್ಗವಾಯಿತು. ಭ್ರೂಣದ ಎಣ್ಣೆಯಂಶ ಹೋದ ಮೇಲೆ ಹಿಟ್ಟು ಮುಗ್ಗದೆ ತಿಂಗಳುಗಟ್ಟಲೆ ಉಳಿಯತೊಡಗಿದ್ದು ವ್ಯಾಪಾರಿಗೆ ವರವಾಯಿತು. ತೌಡು ದನದ ಕೊಟ್ಟಿಗೆಗೆ ಹೋಯಿತು; ಕರ್ನಾಟಕದ ಹಳ್ಳಿಗಳಲ್ಲಿ ಬೂಸಾ ಎಂದು ಚೀಲಗಟ್ಟಲೆ ಮಾರಾಟವಾಗುವುದು ಇದೇ.

ಇದನ್ನು ವಿರೋಧಿಸಿದವರು ಇರಲಿಲ್ಲವೆಂದಲ್ಲ. ಉರುಳೆ ಗಿರಣಿ ಬರುವ ಮೊದಲೇ ಸಿಲ್ವೆಸ್ಟರ್ ಗ್ರಹಾಂ ಎಂಬ ಅಮೆರಿಕನ್ ಧರ್ಮಬೋಧಕ ಜರಡಿ ಹಿಡಿದ ಹಿಟ್ಟಿನ ವಿರುದ್ಧ ಭಾಷಣ ಮಾಡುತ್ತಿದ್ದ. 1837ರಲ್ಲಿ ರೊಟ್ಟಿಯ ಬಗ್ಗೆ ಒಂದು ಗ್ರಂಥವನ್ನೇ ಪ್ರಕಟಿಸಿದ. ಆತನ ವಾದಗಳಲ್ಲಿ ವೈದ್ಯಕ್ಕಿಂತ ನೀತಿಬೋಧೆ ಹೆಚ್ಚಿತ್ತು. ಬೇಕರಿಯವರು ಆತನನ್ನು ದ್ವೇಷಿಸಿದರು, ಪತ್ರಿಕೆಗಳು ಗೇಲಿ ಮಾಡಿದವು. ಆದರೂ ಇಡೀ ಗೋಧಿಯ ಒರಟು ಹಿಟ್ಟಿಗೆ ಇಂಗ್ಲಿಷಿನಲ್ಲಿ ಇಂದಿಗೂ ಆತನ ಹೆಸರೇ ಉಳಿದಿದೆ. 1940ರ ದಶಕದಲ್ಲಿ ಅಮೆರಿಕ ಸರ್ಕಾರ ಬಿಳಿ ಹಿಟ್ಟಿಗೆ ಕಬ್ಬಿಣಾಂಶವನ್ನೂ ಕೆಲವು ಬಿ ಜೀವಸತ್ವಗಳನ್ನೂ ಮರಳಿ ಬೆರೆಸುವ ವ್ಯವಸ್ಥೆ ತಂದಿತು. ಕಳೆದುಕೊಂಡಿದ್ದೇನು ಎಂಬುದಕ್ಕೆ ಅದೇ ಒಪ್ಪಿಗೆಯ ಮುದ್ರೆ. ಆದರೆ ನಾರು ಮರಳಲಿಲ್ಲ. 100 ಗ್ರಾಂ ಇಡೀ ಗೋಧಿ ಹಿಟ್ಟಿನಲ್ಲಿ 10 ಗ್ರಾಂಗೂ ಮೀರಿ ನಾರಿರುತ್ತದೆ. ಮೈದಾದಲ್ಲಿ ಅದು 3 ಗ್ರಾಂನ ಆಸುಪಾಸು.

ಉಳಿದ ಕೆಲಸವನ್ನು ಶೀತಲಪೆಟ್ಟಿಗೆ ಮುಗಿಸಿತು. 1953ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಡೋರ್ಸಾ ಸಹೋದರರು ಬೇಯಿಸಿ ಹೆಪ್ಪುಗಟ್ಟಿಸಿದ ವಾಫಲ್‌ಗಳನ್ನು ಮಾರುಕಟ್ಟೆಗೆ ತಂದರು. ಮುಂದೆ ಅವು 'ಎಗ್ಗೊ' ಎಂಬ ಹೆಸರಿನಲ್ಲಿ ಮನೆಮಾತಾದವು. 1964ರಲ್ಲಿ ನ್ಯೂಯಾರ್ಕಿನ ವಿಶ್ವ ಪ್ರದರ್ಶನದಲ್ಲಿ ಬೆಲ್ಜಿಯಂನ ವರ್ಮೆರ್ಶ್ ಕುಟುಂಬ ಕಡೆದ ಕೆನೆ ಮತ್ತು ಸ್ಟ್ರಾಬೆರಿ ಹೇರಿದ ದಪ್ಪ ವಾಫಲ್‌ಗಳನ್ನು ಮಾರಿತು. ಬೆಂಗಳೂರಿನ ಅಂಗಡಿಗಳಲ್ಲಿ ಇಂದು ಚಾಕೊಲೇಟ್ ಸುರಿದು ಕೊಡುವ 'ಬೆಲ್ಜಿಯನ್ ವಾಫಲ್' ಎಂಬ ಹೆಸರಿನ ಜನಪ್ರಿಯತೆಗೆ ಆ ಪ್ರದರ್ಶನವೇ ಕಾರಣ. ಬೆಲ್ಜಿಯಂನಲ್ಲಿ ಮಾತ್ರ ಹಾಗೆ ಒಂದೇ ವಾಫಲ್ ಇಲ್ಲ. ಬ್ರಸೆಲ್ಸ್‌ನದು ಹಗುರ, ಲಿಯೇಜ್‌ನದು ಸಕ್ಕರೆಯ ಹರಳು ಬೆರೆಸಿದ ಗಟ್ಟಿ ಕಣಕದ್ದು.

ಹಣ್ಣಿನ ಕಥೆಯೂ ಹಿಟ್ಟಿನ ಕಥೆಯ ನೆರಳಿನಂತೆಯೇ ಇದೆ. ಹಿಟ್ಟಿನಿಂದ ತೌಡನ್ನು ಬೇರ್ಪಡಿಸಿದ ಹಾಗೆ ಸಿಹಿಯನ್ನೂ ಅದರ ನಾರಿನಿಂದ ಬೇರ್ಪಡಿಸಿ ಪಾಕವಾಗಿ ಸುರಿಯುವುದು ರೂಢಿಯಾಯಿತು. ಮೇಪಲ್ ಮರದ ಸುಮಾರು 40 ಲೀಟರ್ ರಸವನ್ನು ಕುದಿಸಿದರೆ ಸಿಗುವುದು ಒಂದು ಲೀಟರ್ ಪಾಕ. ಅದರ ಒಂದು ದೊಡ್ಡ ಚಮಚದಲ್ಲಿ ಸುಮಾರು 12 ಗ್ರಾಂ ಸಕ್ಕರೆ ಇರುತ್ತದೆ. ಅಗ್ಗದ ಸೀಸೆಗಳಲ್ಲಿ ಮೇಪಲ್ ಇರುವುದೂ ಅಪರೂಪ. ಮೆಕ್ಕೆಜೋಳದ ಪಾಕಕ್ಕೆ ಪರಿಮಳ ಸೇರಿಸಿರುತ್ತಾರೆ. ವಾಫಲ್‌ನ ಗುಳಿಗಳು ಇಲ್ಲಿ ಮೋಸ ಮಾಡುತ್ತವೆ. ಚಪ್ಪಟೆ ದೋಸೆಯ ಮೇಲೆ ಸುರಿದ ಪಾಕ ತಟ್ಟೆಗೆ ಹರಿದು ಕಣ್ಣಿಗೆ ಬೀಳುತ್ತದೆ. ಗುಳಿಗಳಲ್ಲಿ ಮೂರು ನಾಲ್ಕು ಚಮಚ ಪಾಕ ಸದ್ದಿಲ್ಲದೆ ಅಡಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆಯಂತೆ ಸಕ್ಕರೆ, ಜೇನು, ಪಾಕ, ಹಣ್ಣಿನ ರಸ ಎಲ್ಲದರಿಂದ ಬರುವ ಬಿಡಿ ಸಕ್ಕರೆ ದಿನದ ಶಕ್ತಿಯ ಶೇ. 10ನ್ನು ಮೀರಬಾರದು. 2000 ಕ್ಯಾಲೊರಿಯ ಆಹಾರದಲ್ಲಿ ಅದು 50 ಗ್ರಾಂ. ಅದರ ಅರ್ಧಕ್ಕಿಳಿದರೆ ಇನ್ನೂ ಒಳ್ಳೆಯದು. ನಾಲ್ಕು ಚಮಚ ಪಾಕವೆಂದರೆ 48 ಗ್ರಾಂ. ಬೆಳಗಿನ ತಿಂಡಿಯಲ್ಲೇ ದಿನದ ಪಾಲು ಮುಗಿದಂತೆ. ಈ ಸಲಹೆ ಇಡೀ ಹಣ್ಣಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಗಮನಿಸಬೇಕು.

ಹಾಗಾದರೆ ಮೈದಾದ ಜಾಗಕ್ಕೆ ಗೋಧಿಹಿಟ್ಟು ಸುರಿದರಾಯಿತೇ? ಹಾಗೆ ಮಾಡಿದವರಿಗೆ ಹೆಚ್ಚಾಗಿ ಸಿಗುವುದು ಇಟ್ಟಿಗೆಯಂಥ ವಾಫಲ್. ತೌಡು ನೀರನ್ನು ನಿಧಾನವಾಗಿ, ಆದರೆ ಬಹಳವಾಗಿ ಹೀರುತ್ತದೆ. ಕಲಸಿದ ಕೂಡಲೇ ಸರಿಯೆನಿಸಿದ ಹಿಟ್ಟು ಇಪ್ಪತ್ತು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಆದ್ದರಿಂದ ಹಿಟ್ಟನ್ನು ತುಸು ನೀರಾಗಿಯೇ ಕಲಸಿ, ನೆನೆಯಲು ಬಿಟ್ಟು, ಬಳಿಕ ಹದ ನೋಡಬೇಕು. ನೆನೆದ ತೌಡು ಮೆತ್ತಗಾಗಿ ನಾಲಿಗೆಗೆ ಮರಳಿನಂತೆ ತಾಗುವುದೂ ತಪ್ಪುತ್ತದೆ. ಬ್ರೆಡ್ಡಿಗೆ ಹೋಲಿಸಿದರೆ ವಾಫಲ್ ಇಡೀ ಧಾನ್ಯಕ್ಕೆ ಹೆಚ್ಚು ಒಗ್ಗುವ ತಿಂಡಿ ಎಂಬುದೊಂದು ಸಮಾಧಾನ. ಬ್ರೆಡ್ ಎದ್ದು ನಿಲ್ಲುವುದು ಗೋಧಿಯ ಅಂಟಿನ ಬಲೆಯಿಂದ. ತೌಡಿನ ಚೂಪು ಚೂರುಗಳು ಆ ಬಲೆಯನ್ನು ಹರಿಯುತ್ತವೆ. ವಾಫಲ್‌ಗೆ ಆಕಾರ ಕೊಡುವುದು ಕಬ್ಬಿಣದ ಅಚ್ಚು ಮತ್ತು ಮೊಟ್ಟೆ. ಅಂಟು ಕಡಿಮೆಯಾದಷ್ಟೂ ಅದು ಮೃದುವೇ.

ಗರಿಗರಿತನಕ್ಕೆ ಕಾರಣ ಹಬೆ. ಕಾದ ಹಲಗೆ ತಾಗಿದೊಡನೆ ಹಿಟ್ಟಿನ ನೀರು ಹಬೆಯಾಗಿ ಒಳಗೆ ಉಬ್ಬಿಸುತ್ತದೆ, ಬಳಿಕ ಸಂದಿಗಳಿಂದ ಹೊರಬೀಳುತ್ತದೆ. ನೀರು ಆರಿದ ಹೊರಮೈ ಕೆಂಪಗೆ ಗರಿಯಾಗುತ್ತದೆ. ಹಬೆ ನಿಲ್ಲುವ ಮೊದಲು ಮುಚ್ಚಳ ತೆರೆದರೆ ವಾಫಲ್ ಎರಡಾಗಿ ಸೀಳುತ್ತದೆ. ಇಡೀ ಧಾನ್ಯದ್ದಕ್ಕೆ ಮೈದಾದ್ದಕ್ಕಿಂತ ಒಂದೆರಡು ನಿಮಿಷ ಹೆಚ್ಚೇ ಬೇಕು.

ಮನೆಯಲ್ಲಿ ಮಾಡುವುದಾದರೆ ಒಂದು ಲೋಟ ಗೋಧಿಹಿಟ್ಟು, ಅರ್ಧ ಲೋಟ ಪುಡಿ ಮಾಡಿದ ಓಟ್ಸ್, ಚಿಟಿಕೆ ಉಪ್ಪು ಇವನ್ನು ಒಂದೂವರೆ ಲೋಟ ಮಜ್ಜಿಗೆಯಲ್ಲಿ ಕಲಸಿ ಇಪ್ಪತ್ತು ನಿಮಿಷ ಬಿಡುವುದು ಒಳ್ಳೆಯ ಆರಂಭ. ಕಳಿತ ಒಂದು ಬಾಳೆಹಣ್ಣನ್ನು ನುಣ್ಣಗೆ ಕಿವುಚಿ ಸೇರಿಸಿದರೆ ಸಕ್ಕರೆ ಬೇಡ. ಎರಡು ಮೊಟ್ಟೆಗಳ ಹಳದಿ ಭಾಗ ಮತ್ತು ಮೂರು ಚಮಚ ಎಣ್ಣೆ ಬೆರೆಸಿ, ಬಿಳಿ ಭಾಗವನ್ನು ಬೇರೆಯಾಗಿ ನೊರೆ ಬರುವಂತೆ ಕಡೆದು ಕೊನೆಗೆ ಹಗುರವಾಗಿ ಸೇರಿಸಬೇಕು. ತೌಡಿನ ಭಾರವನ್ನು ಎತ್ತುವುದು ಈ ನೊರೆಯೇ. ಅರ್ಧ ಚಹಾ ಚಮಚ ಅಡುಗೆ ಸೋಡಾ ಅಚ್ಚಿಗೆ ಹೊಯ್ಯುವ ಮುನ್ನ ಬೀಳಲಿ. ಮಜ್ಜಿಗೆಯ ಹುಳಿಯೊಡನೆ ಅದು ಕೂಡಲೇ ಅನಿಲ ಬಿಡುವುದರಿಂದ ಮೊದಲೇ ಹಾಕಿದರೆ ವ್ಯರ್ಥ. ಎಣ್ಣೆಯನ್ನು ಪೂರ್ತಿ ಬಿಡುವ ಉತ್ಸಾಹ ಬೇಡ: ಗರಿಯೂ ಬಾರದು, ಹಿಟ್ಟು ಅಚ್ಚನ್ನೂ ಬಿಡದು.

ಹಣ್ಣಿನ ಹೋಳುಗಳನ್ನು ಹಿಟ್ಟಿಗೆ ಸುರಿಯುವುದು ಸಾಮಾನ್ಯ ತಪ್ಪು. ಹೋಳಿನ ರಸ ಸುತ್ತಲ ಹಿಟ್ಟನ್ನು ಹಸಿಯಾಗಿಸುತ್ತದೆ. ಹಲಗೆಗೆ ತಾಗಿದ ಹಣ್ಣಿನ ಸಕ್ಕರೆ ಸೀದು ಅಂಟುತ್ತದೆ. ಕಿವುಚಿದ ಬಾಳೆ, ತುರಿದು ಹಿಂಡಿದ ಸೇಬು ಒಳಗಿರಬಹುದು. ಪಪ್ಪಾಯಿ, ಮಾವು, ಸ್ಟ್ರಾಬೆರಿಗಳು ಮೇಲಿರಲಿ. ಪಾಕದ ರುಚಿಯೇ ಬೇಕೆನ್ನುವವರು ಸೇಬಿನ ಹೋಳುಗಳನ್ನು ಚೂರು ದಾಲ್ಚಿನ್ನಿಯೊಡನೆ ಅದರ ನೀರಿನಲ್ಲೇ ಬೇಯಿಸಿಕೊಂಡರೆ ಗುಳಿಗಳಲ್ಲಿ ನಿಲ್ಲುವಷ್ಟು ದ್ರವ ತಾನೇ ಬರುತ್ತದೆ.

ಕನ್ನಡದ ಮನೆಗಳಿಗೆ ಪರಿಚಿತವಾಗಿ ತೋರುವುದು ಇನ್ನೊಂದು ಹಳೆಯ ಕ್ರಮ. ಸೋಡಾ ಬಳಕೆಗೆ ಬರುವ ಮುನ್ನ ವಾಫಲ್ ಹಿಟ್ಟನ್ನು ಯೀಸ್ಟ್‌ನಿಂದ ಹುದುಗೆಬ್ಬಿಸುತ್ತಿದ್ದರು. ರಾತ್ರಿ ಕಲಸಿಟ್ಟು ಬೆಳಗ್ಗೆ ಸುಡುವ ಪದ್ಧತಿ ಅಮೆರಿಕದಲ್ಲಿ ಈಗಲೂ ಇದೆ. ಇಡೀ ಧಾನ್ಯಕ್ಕೆ ಇದು ರುಚಿಯ ಮಾತಷ್ಟೇ ಅಲ್ಲ. ತೌಡಿನಲ್ಲಿರುವ ಫೈಟಿಕ್ ಆಮ್ಲ ಕಬ್ಬಿಣ, ಸತುಗಳನ್ನು ಹಿಡಿದಿಟ್ಟು ದೇಹಕ್ಕೆ ದಕ್ಕದಂತೆ ಮಾಡುತ್ತದೆ. ಹುದುಗುವಾಗ ಅದು ಕಡಿಮೆಯಾಗುತ್ತದೆ. ದೋಸೆ ಹಿಟ್ಟು ರುಬ್ಬಿಡುವ ಮನೆಯಲ್ಲಿ ಇದಕ್ಕೆ ಹೊಸ ಶಿಸ್ತು ಬೇಕಿಲ್ಲ. ರಾಗಿಯನ್ನೂ ಬಳಸಬಹುದು. ಅದರ ಸಿಪ್ಪೆ ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಸಾಮಾನ್ಯವಾಗಿ ಇಡಿಯಾಗಿಯೇ ಹಿಟ್ಟಾಗುತ್ತದೆ; 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಸುಣ್ಣದಂಶವೂ ಇದೆ. ಅಂಟಿಲ್ಲದ ಕಾರಣ ಬರೀ ರಾಗಿಯ ವಾಫಲ್ ಪುಡಿಪುಡಿಯಾಗುತ್ತದೆ, ಮೂರನೇ ಒಂದು ಪಾಲು ಸಾಕು. ಗೋಧಿಯ ಅಂಟೇ ಒಗ್ಗದ ಕಾಯಿಲೆಯವರಿಗೆ ಬಕ್‌ವೀಟ್ ಇದೆ. ಹೆಸರಿನಲ್ಲಿ ಗೋಧಿಯಿದ್ದರೂ ಅದು ಗೋಧಿಯ ಜಾತಿಯದಲ್ಲ. ಉತ್ತರ ಭಾರತದಲ್ಲಿ ಉಪವಾಸದ ದಿನ ತಿನ್ನುವ ಕುಟ್ಟು ಹಿಟ್ಟು ಅದೇ.

ಮಧುಮೇಹ ಇರುವವರು ಮಾತ್ರ ಇಡೀ ಗೋಧಿ ಎಂಬ ಹೆಸರಿಗೆ ಮರುಳಾಗಬಾರದು. ನುಣ್ಣಗೆ ಬೀಸಿದ ಇಡೀ ಗೋಧಿಹಿಟ್ಟೂ ರಕ್ತದ ಸಕ್ಕರೆಯನ್ನು ಬೇಗನೆ ಏರಿಸುತ್ತದೆ. ಓಟ್ಸ್‌ನ ಲೋಳೆಯಂಥ ನಾರು ಆ ವೇಗವನ್ನು ಸ್ವಲ್ಪ ತಗ್ಗಿಸುತ್ತದೆ, ತಿನ್ನುವ ಪ್ರಮಾಣವೇ ಮುಖ್ಯ. ಅಂಗಡಿಯ 'ಮಲ್ಟಿಗ್ರೇನ್' ಮಿಶ್ರಣ ಕೊಳ್ಳುವವರು ಪೊಟ್ಟಣದ ಹಿಂಬದಿ ಓದಬೇಕು. ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಿರುತ್ತಾರೆ. ಮೊದಲ ಪದ ಮೈದಾ ಆಗಿದ್ದರೆ ಉಳಿದ ಐದು ಧಾನ್ಯಗಳು ಹೆಸರಿಗಷ್ಟೇ ಇರಬಹುದು. ಕಂದು ಬಣ್ಣವೂ ಪ್ರಮಾಣವಲ್ಲ, ಸುಟ್ಟ ಸಕ್ಕರೆಯಿಂದಲೂ ಆ ಬಣ್ಣ ಬರುತ್ತದೆ.

ಬೆಂದ ವಾಫಲ್‌ಗಳನ್ನು ಒಂದರ ಮೇಲೊಂದು ಪೇರಿಸಿದರೆ ಅವುಗಳ ಹಬೆಯಲ್ಲಿ ಅವೇ ಮೆತ್ತಗಾಗುತ್ತವೆ. ತಂತಿಯ ಜಾಲರಿಯ ಮೇಲೆ ಬಿಡಿಬಿಡಿಯಾಗಿ ಆರಿಸುವುದು ಲೇಸು. ಆರಿದವನ್ನು ಫ್ರೀಜರ್‌ನಲ್ಲಿಟ್ಟು, ಬೇಕಾದಾಗ ನೇರವಾಗಿ ಟೋಸ್ಟರ್‌ಗೆ ಹಾಕಿದರೆ ಎರಡು ಮೂರು ನಿಮಿಷದಲ್ಲಿ ಮತ್ತೆ ಗರಿಯಾಗುತ್ತವೆ. ಡೋರ್ಸಾ ಸಹೋದರರ ಕಾರ್ಖಾನೆ ಮಾರಿದ ಅನುಕೂಲವೂ ಇಷ್ಟೇ.