ಮಂಡಿ ಸಂಧಿವಾತದ ವಿಧ ತಿಳಿಯಲು ಚಲನ ಸಂವೇದಕ: ಸಾರ್ವಜನಿಕರಿಗೆ ಮಾಹಿತಿ

ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೆಂಗಿನಕಾಯಿ ಸುಲಿಯುವ, ಅಟ್ಟಕ್ಕೆ ಕಾಯಿ ಹೊರುವ ಹಾಗೂ ಕುಕ್ಕರಗಾಲಿನಲ್ಲಿ ಕುಳಿತು ಕೊಬ್ಬರಿ ಹಸನು ಮಾಡುವ ಕೆಲಸಗಾರರು ಮಂಡಿನೋವನ್ನು ವಯೋಸಹಜ ಸವೆತವೆಂದು ಭಾವಿಸಿ ಸುಮ್ಮನಿರುವುದುಂಟು. ಎಲ್ಲ ಮಂಡಿನೋವೂ ಸವೆತವಲ್ಲ. ವಿಧ ಬೇರೆಯಾದಲ್ಲಿ ಚಿಕಿತ್ಸೆಯೂ ಬೇರೆಯಾಗುತ್ತದೆ.

1. ಮುಖ್ಯ ವಿಧಗಳು

ಅ) ಆಸ್ಟಿಯೋ ಆರ್ಥ್ರೈಟಿಸ್ (ಸವೆತದ ಸಂಧಿವಾತ): ಮೂಳೆಯ ತುದಿಯ ಮೃದ್ವಸ್ಥಿ ಸವೆಯುತ್ತದೆ. ಕೆಲಸ ಮಾಡಿದಂತೆ ನೋವು ಹೆಚ್ಚುತ್ತದೆ. ಬೆಳಗಿನ ಬಿಗಿತವು ಸಾಮಾನ್ಯವಾಗಿ 30 ನಿಮಿಷದೊಳಗೆ ಸಡಿಲಗೊಳ್ಳುತ್ತದೆ.

ಆ) ರುಮಟಾಯ್ಡ್ ಆರ್ಥ್ರೈಟಿಸ್: ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ದಾಳಿ ಮಾಡುತ್ತದೆ. ಬಿಗಿತವು ದೀರ್ಘಕಾಲವಿರುತ್ತದೆ, ಎರಡೂ ಕೈಗಳ ಬೆರಳುಗಳೂ ಊದಿಕೊಳ್ಳಬಹುದು. ಔಷಧವನ್ನು ಬೇಗ ಆರಂಭಿಸಿದಲ್ಲಿ ಕೀಲಿನ ಹಾನಿಯನ್ನು ಬಹುಮಟ್ಟಿಗೆ ತಡೆಯಬಹುದು. ಆದ್ದರಿಂದ ವಿಳಂಬ ಸಲ್ಲದು.

2. ಸಂವೇದಕದ ಕಾರ್ಯವಿಧಾನ

ಚರ್ಮದ ಮೇಲೆ ಅಂಟಿಸುವ ಅಥವಾ ಪಟ್ಟಿಯಿಂದ ಕಟ್ಟುವ ಪುಟ್ಟ ಸೆನ್ಸರ್, ಮಂಡಿ ಮಡಿಸಿ ಚಾಚುವಾಗಿನ ಚಲನೆ ಹಾಗೂ ಕಂಪನವನ್ನು ದಾಖಲಿಸುತ್ತದೆ. ಸೂಜಿ, ಕೊಯ್ತ ಅಥವಾ ವಿಕಿರಣದ ಅಗತ್ಯವಿಲ್ಲ. ಮೈಸೂರು ವಿಶ್ವವಿದ್ಯಾಲಯದಿಂದ 1976ರಲ್ಲಿ ಬಿ.ಇ. ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ 1980ರಲ್ಲಿ ಪಿಎಚ್.ಡಿ. ಪಡೆದ ಪ್ರೊ. ರಂಗರಾಜ್ ಎಂ. ರಂಗಯ್ಯನ್ ಅವರು ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಸಹೋದ್ಯೋಗಿಗಳೊಡನೆ ಈ ಬಗ್ಗೆ ಸಂಶೋಧನೆ ನಡೆಸಿದರು. ಕುಳಿತ ವ್ಯಕ್ತಿಯ ಮಂಡಿಚಿಪ್ಪಿನ ಮೇಲೆ ಸೆನ್ಸರ್ ಇರಿಸಿ, ಸುಮಾರು 4 ಸೆಕೆಂಡುಗಳಲ್ಲಿ ಕಾಲನ್ನು ಚಾಚಿ ಮಡಿಸುವಾಗಿನ ಕಂಪನವನ್ನು ದಾಖಲಿಸಲಾಯಿತು. ಆರೋಗ್ಯವಂತ ಮಂಡಿಗಳ 51 ಹಾಗೂ ತೊಂದರೆಯುಳ್ಳ ಮಂಡಿಗಳ 38 ದಾಖಲೆಗಳನ್ನು ಗಣಕಯಂತ್ರದ ಮೂಲಕ ಹೋಲಿಸಲಾಯಿತು.

3. ಮಿತಿ

ಮೃದ್ವಸ್ಥಿಯ ಒರಟುತನವನ್ನು ಕಂಪನವು ಸೂಚಿಸಬಲ್ಲದು. ಊತದ ಮೂಲ ಕಾರಣವನ್ನು ಅದೊಂದೇ ಹೇಳಲಾರದು. ಅದಕ್ಕಾಗಿ ವೈದ್ಯರ ತಪಾಸಣೆ, ರಕ್ತಪರೀಕ್ಷೆ ಹಾಗೂ ಎಕ್ಸ್-ರೇ ಅಗತ್ಯ. ಆದುದರಿಂದ ಕೇವಲ ಸೆನ್ಸರ್ ವರದಿಯನ್ನು ನಂಬಿ ಔಷಧವನ್ನು ಆರಂಭಿಸುವುದಾಗಲಿ, ನಿಲ್ಲಿಸುವುದಾಗಲಿ ಮಾಡಬಾರದು.

4. ಅರ್ಜಿದಾರರ ಗಮನಕ್ಕೆ

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರನ್ವಯ ಪ್ರಮಾಣಪತ್ರ ಹಾಗೂ ಯು.ಡಿ.ಐ.ಡಿ. ಕಾರ್ಡ್ ಕೋರುವವರ ಚಲನ ವೈಕಲ್ಯದ ಪ್ರಮಾಣವನ್ನು ರೋಗದ ಹೆಸರಿನಿಂದಷ್ಟೇ ನಿರ್ಧರಿಸಲಾಗುವುದಿಲ್ಲ. ಕೀಲಿನ ಚಲನೆ, ಸ್ನಾಯುಬಲ ಮುಂತಾದವುಗಳನ್ನು ವೈದ್ಯಾಧಿಕಾರಿಗಳು ಪರೀಕ್ಷಿಸುತ್ತಾರೆ. ಹಲವು ಸೌಲಭ್ಯಗಳಿಗೆ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರಬೇಕು. ಇದಕ್ಕಾಗಿ ಹಣ ತೆತ್ತು ಸೆನ್ಸರ್ ಪರೀಕ್ಷೆ ಮಾಡಿಸುವ ಅವಶ್ಯಕತೆಯಿಲ್ಲ. ಪರೀಕ್ಷೆಗೆ ಬರುವಾಗ ಹಳೆಯ ಚಿಕಿತ್ಸಾ ಚೀಟಿ ಹಾಗೂ ಎಕ್ಸ್-ರೇಗಳನ್ನು ತರುವುದು ಸೂಕ್ತ.

ಮಂಡಿ ಊದಿದ್ದು, ಬೆಳಗಿನ ಬಿಗಿತವು ಅರ್ಧ ಗಂಟೆಗೂ ಮೀರಿ ಉಳಿಯುತ್ತಿದ್ದಲ್ಲಿ, ಅರ್ಜಿಗಿಂತ ಮೊದಲು ತಾಲ್ಲೂಕಿನ ಸಾರ್ವಜನಿಕ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳಲು ಕೋರಲಾಗಿದೆ. ಪ್ರಮಾಣಪತ್ರವನ್ನು ನಂತರವೂ ಪಡೆಯಬಹುದು. ಹಾನಿಗೊಂಡ ಕೀಲನ್ನು ಮೊದಲಿನಂತೆ ಮಾಡುವುದು ಕಷ್ಟಸಾಧ್ಯ.