ಅಲ್ಬೇನಿಸ್: ದಂತಕಥೆಯೂ ಚರಿತ್ರೆಯೂ

ಗಿಟಾರ್ ಕಲಿಯುವವರೆಲ್ಲರೂ ಎಂದಾದರೊಮ್ಮೆ ನುಡಿಸಲು ಹಂಬಲಿಸುವ ‘ಅಸ್ತುರಿಯಾಸ್’ ಎಂಬ ಕೃತಿಯನ್ನು ಇಸಾಕ್ ಅಲ್ಬೇನಿಸನು ಆ ವಾದ್ಯಕ್ಕಾಗಿಯೇ ರಚಿಸಿದನೆಂದೂ, ಸ್ಪೇನಿನ ಉತ್ತರದಲ್ಲಿರುವ ಅಸ್ತುರಿಯಾಸ್ ಪ್ರಾಂತ್ಯವೇ ಅದರ ವಸ್ತುವೆಂದೂ ನಂಬಿರುವವರು ಇಂದಿಗೂ ಬಹುಮಂದಿ. ಎರಡೂ ನಿಜವಲ್ಲ. ಅಲ್ಬೇನಿಸನ ವಾದ್ಯ ಪಿಯಾನೊ. 1890ರ ದಶಕದ ಆರಂಭದಲ್ಲಿ ಅವನು ಪ್ರಕಟಿಸಿದ ‘ಸ್ಪೇನಿನ ಗೀತೆಗಳು’ ಎಂಬ ಪಿಯಾನೊ ಗುಚ್ಛದಲ್ಲಿ ಈ ಕೃತಿಗೆ ‘ಪ್ರೆಲೂಡಿಯೊ’ ಎಂಬುದಲ್ಲದೆ ಬೇರೆ ಹೆಸರಿರಲಿಲ್ಲ.

ಹೆಸರು ಬದಲಾದ ಬಗೆ ವಿಚಿತ್ರವಾದುದು. ಅದಕ್ಕೆ ಮೊದಲೇ, 1880ರ ದಶಕದಲ್ಲಿ, ಎಂಟು ಭಾಗಗಳ ‘ಸ್ಪ್ಯಾನಿಷ್ ಸೂಟ್’ ಒಂದನ್ನು ಸಂಕಲ್ಪಿಸಿದ್ದ ಅವನು ಗ್ರಾನಾದ, ಕತಲೂನಿಯ, ಸೆವಿಲ್ಯ, ಕ್ಯೂಬಾ ಎಂಬ ನಾಲ್ಕನ್ನು ಮಾತ್ರ ಬರೆದು, ಉಳಿದ ನಾಲ್ಕಕ್ಕೆ ಶೀರ್ಷಿಕೆಗಳನ್ನಷ್ಟೇ ಸೂಚಿಸಿ ಕೈಬಿಟ್ಟಿದ್ದನು. 1909ರಲ್ಲಿ ಅವನು ತೀರಿಕೊಂಡ ಮೇಲೆ, 1911ರಲ್ಲಿ, ಹೋಫ್‌ಮೈಸ್ಟರ್ ಎಂಬ ಜರ್ಮನ್ ಪ್ರಕಾಶನ ಸಂಸ್ಥೆಯು ಆ ಬರಿದಾದ ಶೀರ್ಷಿಕೆಗಳ ಕೆಳಗೆ ಅವನವೇ ಆದ ಅನ್ಯ ರಚನೆಗಳನ್ನು ತಂದು ತುಂಬಿತು. ಹೀಗಾಗಿ ದಕ್ಷಿಣದ ಅಂದಲೂಸಿಯದ ಫ್ಲಮೆಂಕೊ ಧಾಟಿಯೇ ಮೈದಾಳಿದ ಪ್ರೆಲೂಡಿಯೊಗೆ, ಮಳೆ ಹಸುರಿನ, ಚೀಲಗೊಳಲಿನ ಸಂಗೀತದ ಉತ್ತರ ಪ್ರಾಂತ್ಯವೊಂದರ ಹೆಸರು ಅಂಟಿಕೊಂಡಿತು. ರಚಿಸಿದವನ ಸಮ್ಮತಿ ಕೇಳುವ ಪ್ರಶ್ನೆಯೇ ಇರಲಿಲ್ಲ, ಪಾಪ!

ಗಿಟಾರಿನ ಭ್ರಮೆಗಾದರೋ ಸಕಾರಣವುಂಟು. ಎಡಗೈ ಕೆಳಸ್ತರದಲ್ಲಿ ರಾಗದ ಎಳೆಯನ್ನು ನುಡಿಸುತ್ತಿರಲು, ಬಲಗೈ ಅದರ ನಡುನಡುವೆ ಒಂದೇ ಸ್ವರವನ್ನು ಬಿಡದೆ ಮೀಟುತ್ತಿರುತ್ತದೆ. ಇದು ಗಿಟಾರ್ ವಾದಕನು ಹೆಬ್ಬೆರಳಿನಿಂದ ಮಂದ್ರತಂತಿಗಳನ್ನು ನುಡಿಸುತ್ತಾ, ಇನ್ನೊಂದು ಬೆರಳಿನಿಂದ ತೆರೆದ ತಂತಿಯೊಂದನ್ನು ಮಿಡಿಯುವ ಕ್ರಮದ ಉದ್ದೇಶಪೂರ್ವಕವಾದ ಅನುಕರಣ. ಆದುದರಿಂದ ಅನಂತರದ ವಾದಕರು ಅದನ್ನು ಜಿ ಮೈನರಿನಿಂದ ಇ ಮೈನರಿಗೆ ಇಳಿಸಿದಾಗ, ಆ ಪುನರುಕ್ತ ಸ್ವರವು ಗಿಟಾರಿನ ಎರಡನೆಯ ತಂತಿಯ ಸಹಜ ನಾದವೇ ಆಗಿ, ಕೃತಿಯು ತವರಿಗೆ ಮರಳಿದಂತೆ ತೋರಿತು.

ಇನ್ನು ಜೀವನಚರಿತ್ರೆಯ ವಿಷಯ. ಹನ್ನೆರಡರ ಬಾಲಕನು ಮನೆಬಿಟ್ಟು ಓಡಿ, ಹಡಗೊಂದರಲ್ಲಿ ಅಡಗಿ ಕುಳಿತು, ಅಟ್ಲಾಂಟಿಕ್ ದಾಟಿ ಅಮೆರಿಕಾ ಖಂಡ ಸೇರಿ, ಪಿಯಾನೊ ನುಡಿಸಿ ಹೊಟ್ಟೆ ಹೊರೆದನೆಂಬ ಕಥೆ ಪುಸ್ತಕದಿಂದ ಪುಸ್ತಕಕ್ಕೆ ಸಾಗಿಬಂದಿದೆ. ವಸ್ತುಸ್ಥಿತಿ ಇಷ್ಟೇ: ಸುಂಕದ ಅಧಿಕಾರಿಯಾಗಿದ್ದ ತಂದೆಗೆ 1875ರಲ್ಲಿ ಹವಾನಕ್ಕೆ ವರ್ಗವಾಯಿತು, ಮಗನು ಆ ವರ್ಷ ಪೋರ್ಟೊ ರೀಕೊ, ಕ್ಯೂಬಾಗಳಲ್ಲಿ ಕಚೇರಿ ನಡೆಸಿದನು. ಬುಡಾಪೆಸ್ಟಿನಲ್ಲಿ ಪ್ರಖ್ಯಾತ ಪಿಯಾನೊ ವಾದಕ ಲಿಸ್ಟ್ ಮಹಾಶಯನ ಮುಂದೆ ನುಡಿಸಿದೆನೆಂದು ಅವನೇ 1880ರ ಆಗಸ್ಟ್ ತಿಂಗಳ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಆದರೆ ಆ ದಿನಗಳಲ್ಲಿ ಲಿಸ್ಟ್ ಬುಡಾಪೆಸ್ಟಿನಲ್ಲಿರಲಿಲ್ಲವೆಂಬುದನ್ನು ಅಮೆರಿಕದ ವಿದ್ವಾಂಸ ವಾಲ್ಟರ್ ಆರನ್ ಕ್ಲಾರ್ಕ್ ತೋರಿಸಿಕೊಟ್ಟಿದ್ದಾರೆ. ಇಂಥ ಕಥೆಗಳ ಮೂಲ ಅನೇಕ ವೇಳೆ ಅಲ್ಬೇನಿಸನೇ. ತನ್ನ ಬಗೆಗೆ ರಂಗುರಂಗಾಗಿ ಹೇಳಿಕೊಳ್ಳುವ ಚಾಪಲ್ಯ ಅವನಿಗಿತ್ತು. ಆ ರಂಗಿನ ಹಿಂದೆ ಮರೆಯಾದದ್ದು ಅರಸ ಹನ್ನೆರಡನೆಯ ಅಲ್ಫೋನ್ಸೊವಿನ ವಿದ್ಯಾರ್ಥಿವೇತನದ ನೆರವಿನಿಂದ ಬ್ರಸೆಲ್ಸಿನ ಸಂಗೀತಶಾಲೆಯಲ್ಲಿ ಶ್ರಮಿಸಿ, 1879ರಲ್ಲಿ ಪ್ರಥಮ ಬಹುಮಾನ ಪಡೆದ ವಿದ್ಯಾರ್ಥಿ.

ಅವನನ್ನು ಅಂದಲೂಸಿಯದವನೆಂದು ಭಾವಿಸುವುದೂ ತಪ್ಪು. ಹುಟ್ಟಿದ್ದು 1860ರಲ್ಲಿ, ಪಿರನೀಸ್ ಪರ್ವತದ ಮಡಿಲಿನ ಕತಲೂನಿಯದ ಕಾಂಪ್ರೊಡೋನ್ ಗ್ರಾಮದಲ್ಲಿ. ಆದರೂ ಅವನ ಮನಸ್ಸು ದಕ್ಷಿಣದಲ್ಲಿಯೇ ನೆಲಸಿತ್ತು. 1905ರಿಂದ ಮುಂದೆ, ಮೂತ್ರಪಿಂಡದ ವ್ಯಾಧಿಯಿಂದ ದೇಹ ಕುಗ್ಗುತ್ತಿದ್ದಾಗ, ನಾಲ್ಕು ಸಂಪುಟಗಳಲ್ಲಿ ಅವನು ಬರೆದ ‘ಇಬೇರಿಯ’ದ ಹನ್ನೆರಡು ಕೃತಿಗಳಲ್ಲಿ ‘ತ್ರಿಯಾನ’, ‘ಅಲ್ಮೆರೀಯ’, ‘ಮಾಲಗ’ ಮೊದಲಾಗಿ ಬಹುಪಾಲು ಅಂದಲೂಸಿಯದವೇ. ‘ಲವಪಿಯೇಸ್’ ಒಂದು ಮಾತ್ರ ಮಾದ್ರಿದಿನ ಬಡಾವಣೆಯದು. ಲಘು ಸಲೋನ್ ಕೃತಿಗಳ ಕರ್ತನೆಂದು ಅವನನ್ನು ತಳ್ಳಿಹಾಕುವವರು ಈ ಸಂಪುಟಗಳ ಪುಟ ತೆರೆದವರಲ್ಲ. ಪಿಯಾನೊ ಸಾಹಿತ್ಯದಲ್ಲಿ ಇಷ್ಟು ಕಠಿನವಾದ ಬರಹ ಬಹು ವಿರಳ. ಅವನನ್ನು ಅರಿಯಬಯಸುವವರು ಗಿಟಾರಿನ ‘ಅಸ್ತುರಿಯಾಸ್’ ಅನ್ನು ಕೆಲಕಾಲ ಬದಿಗಿಟ್ಟು, ಅಲೀಸಿಯ ದೆ ಲರೋಚ ಎಂಬ ಕತಲೂನಿಯದ ವಿದುಷಿ ಪಿಯಾನೊದಲ್ಲಿ ನುಡಿಸಿರುವ ‘ಇಬೇರಿಯ’ದ ಧ್ವನಿಮುದ್ರಿಕೆಯನ್ನು ಮೊದಲು ಕೇಳಬೇಕು.