ಎಸ್ಸಿಟಾಲೊಪ್ರಾಮ್‌ನ ಸುರಕ್ಷಿತ ಬಳಕೆ

ಎಸ್ಸಿಟಾಲೊಪ್ರಾಮ್ ಎಂಬುದು ಖಿನ್ನತೆ ಮತ್ತು ಆತಂಕದ ಕಾಯಿಲೆಗಳಿಗೆ ನೀಡಲಾಗುವ ಔಷಧಿ. ನರಕೋಶಗಳ ನಡುವೆ ಬಿಡುಗಡೆಯಾದ ಸೆರೊಟೋನಿನ್ ಮತ್ತೆ ಕೋಶದೊಳಗೆ ಹೀರಿಹೋಗುವುದನ್ನು ತಡೆಯುವ ಎಸ್.ಎಸ್.ಆರ್.ಐ. ಗುಂಪಿಗೆ ಇದು ಸೇರಿದೆ. ಡೆನ್ಮಾರ್ಕಿನ ಲುಂಡ್‌ಬೆಕ್ ಕಂಪನಿ ಅಭಿವೃದ್ಧಿಪಡಿಸಿದ ಈ ಔಷಧಿಗೆ 2002ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಭಾರತದಲ್ಲಿ ಇದನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಇದರ ಬಳಕೆಯಲ್ಲಿ ತೊಂದರೆಗಳು ಹೆಚ್ಚಾಗಿ ಎರಡು ಕಡೆಯಿಂದ ಬರುತ್ತವೆ: ಮಾತ್ರೆಯನ್ನು ನಡುವೆ ನಿಲ್ಲಿಸುವುದು ಮತ್ತು ಬೇರೆ ಔಷಧಿಗಳೊಡನೆ ಬೆರೆಸುವುದು. ಕೋಲಾರ ಜಿಲ್ಲೆಯ ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಪರಿಸ್ಥಿತಿಯಲ್ಲಿ ಇವೆರಡೂ ವಿಶೇಷ ಗಮನ ಬೇಡುತ್ತವೆ.

ಪ್ರಮಾಣ ಮತ್ತು ಆರಂಭದ ದಿನಗಳು

ವಯಸ್ಕರಿಗೆ ಸಾಮಾನ್ಯವಾಗಿ ದಿನಕ್ಕೆ 5 ಅಥವಾ 10 ಮಿ.ಗ್ರಾಂ.ನಿಂದ ಆರಂಭಿಸಲಾಗುತ್ತದೆ, ಗರಿಷ್ಠ ಪ್ರಮಾಣ 20 ಮಿ.ಗ್ರಾಂ. ವೃದ್ಧರಿಗೆ ಸಾಮಾನ್ಯವಾಗಿ 10 ಮಿ.ಗ್ರಾಂ. ಮೀರುವುದಿಲ್ಲ. ಮೊದಲ ಒಂದೆರಡು ವಾರ ವಾಕರಿಕೆ, ತಲೆನೋವು, ನಿದ್ರಾಭಂಗ ಕಾಣಿಸಬಹುದು; ಕೆಲವರಲ್ಲಿ ಆತಂಕವೇ ಹೆಚ್ಚಬಹುದು. ಗುಣವಾದರೋ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ಣ ಪರಿಣಾಮಕ್ಕೆ ಇನ್ನೂ ಹೆಚ್ಚು ಸಮಯ ಬೇಕು. ಅಡ್ಡಪರಿಣಾಮ ಮೊದಲು, ಪ್ರಯೋಜನ ನಂತರ ಎಂಬ ಈ ಕ್ರಮವನ್ನು ಮೊದಲೇ ತಿಳಿಸದಿದ್ದರೆ ಅನೇಕರು ಎರಡನೆಯ ವಾರದಲ್ಲೇ ಮಾತ್ರೆ ಬಿಟ್ಟುಬಿಡುತ್ತಾರೆ. ಇದು ನಿದ್ರೆಮಾತ್ರೆಯಲ್ಲ, ಮನಸ್ಸು ಕೆಟ್ಟ ದಿನ ಮಾತ್ರ ನುಂಗಿದರೆ ಫಲವಿಲ್ಲ.

ಇಪ್ಪತ್ತೈದಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಚಿಕಿತ್ಸೆಯ ಆರಂಭದಲ್ಲಿ ಮತ್ತು ಪ್ರಮಾಣ ಬದಲಿಸಿದಾಗ ಆತ್ಮಹತ್ಯೆಯ ಆಲೋಚನೆ ಹೆಚ್ಚುವ ಸಾಧ್ಯತೆಯಿದೆ. ಆದ್ದರಿಂದ ಆ ವಾರಗಳಲ್ಲಿ ಮನೆಯವರು ಗಮನವಿಡುವುದು ಅಗತ್ಯ. ಹಿಂದೆ ಅತಿಯಾದ ಉತ್ಸಾಹ, ನಿದ್ರೆಯೇ ಬೇಡವೆನಿಸುವ ಅವಧಿಗಳು ಬಂದಿದ್ದರೆ ವೈದ್ಯರಿಗೆ ತಿಳಿಸಬೇಕು. ದ್ವಿಧ್ರುವ ಕಾಯಿಲೆ ಇರುವವರಲ್ಲಿ ಈ ಔಷಧಿ ಉನ್ಮಾದವನ್ನು ಕೆರಳಿಸಬಹುದು.

ನಡುವೆ ನಿಲ್ಲಿಸುವುದು

ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಬಹಳಷ್ಟು ಜನ ಮಾರಿಕುಪ್ಪಂ–ಬಂಗಾರಪೇಟೆ ಮಾರ್ಗದ ರೈಲುಗಳಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿಬರುತ್ತಾರೆ. ನಸುಕಿನಲ್ಲಿ ಹೊರಟು ರಾತ್ರಿ ಮರಳುವವರಿಗೆ ಮರುಭೇಟಿಯೂ ಮಾತ್ರೆಯ ಹೊತ್ತೂ ತಪ್ಪುವುದು ಸುಲಭ. ಔಷಧಿಯ ಅರ್ಧಾಯು ಸುಮಾರು 30 ಗಂಟೆ. ಹಾಗಾಗಿ ದಿನಕ್ಕೊಮ್ಮೆ ಸಾಕು. ಬೆಳಿಗ್ಗೆಯೋ ರಾತ್ರಿಯೋ ತಪ್ಪದ ಒಂದು ಹೊತ್ತನ್ನು ವೈದ್ಯರೊಡನೆ ನಿಗದಿ ಮಾಡಿಕೊಳ್ಳಬಹುದು. ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು.

ಹಲವು ದಿನ ಬಿಟ್ಟರೆ ತಲೆಸುತ್ತು, ಸಿಡುಕು, ತಲೆಯಲ್ಲಿ ವಿದ್ಯುತ್ ಹರಿದಂತಹ ಅನುಭವ ಬರಬಹುದು. ಇದನ್ನು ಕಾಯಿಲೆ ಮರುಕಳಿಸಿತೆಂದೋ ಚಟ ಹಿಡಿಯಿತೆಂದೋ ತಪ್ಪಾಗಿ ಭಾವಿಸುವುದುಂಟು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ನಂತರ ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸುವುದು ರೂಢಿ. ಗರ್ಭಿಣಿಯರೂ ತಾವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ಭಾರತದಲ್ಲಿ ಕ್ಲೊನಾಜೆಪಾಮ್ ಸೇರಿದ ಜೋಡಿ ಮಾತ್ರೆಗಳೂ ಮಾರಾಟದಲ್ಲಿವೆ. ಕ್ಲೊನಾಜೆಪಾಮ್‌ಗೆ ದೇಹ ನಿಜವಾಗಿಯೂ ಒಗ್ಗಿಹೋಗುವುದರಿಂದ, ಅಂಗಡಿಯಲ್ಲಿ ಸಾದಾ ಮಾತ್ರೆಗೆ ಬದಲಾಗಿ ಜೋಡಿ ಮಾತ್ರೆ ಬಂದಿದೆಯೇ ಎಂದು ಹಾಳೆಯ ಮೇಲಿನ ಹೆಸರನ್ನು ನೋಡುವುದು ಮುಖ್ಯ.

ಬೇರೆ ಔಷಧಿಗಳೊಡನೆ

ಗಣಿಯ ಕಲ್ಲುಧೂಳಿನಿಂದ ಬರುವ ಸಿಲಿಕೋಸಿಸ್ ಕೆಲಸ ಬಿಟ್ಟು ವರ್ಷಗಳಾದ ಮೇಲೂ ಉಲ್ಬಣಿಸಬಲ್ಲದು. ಅದು ಕ್ಷಯದ ಅಪಾಯವನ್ನೂ ಹೆಚ್ಚಿಸುತ್ತದೆ. ಔಷಧಿಗೆ ಬಗ್ಗದ ಕ್ಷಯಕ್ಕೆ ಕೊಡುವ ಲಿನೆಜೊಲಿಡ್ ಎಸ್ಸಿಟಾಲೊಪ್ರಾಮ್ ಜೊತೆ ಸೇರಿದರೆ ಸೆರೊಟೋನಿನ್ ಅತಿಯಾಗಿ ಬೆವರು, ನಡುಕ, ಜ್ವರ, ಸ್ನಾಯುಗಳ ಬಿಗಿತ, ಗೊಂದಲ ಉಂಟಾಗಬಹುದು. ಇದು ತುರ್ತು ಚಿಕಿತ್ಸೆ ಬೇಡುವ ಸ್ಥಿತಿ. ಅದೇ ಕ್ಷಯದ ಬೆಡಾಕ್ವಿಲಿನ್ ಜೊತೆ ಹೃದಯಬಡಿತದ ಲಯ ತಪ್ಪುವ ಸಾಧ್ಯತೆಯಿರುವುದರಿಂದ ಇ.ಸಿ.ಜಿ. ಅಗತ್ಯವಾಗುತ್ತದೆ. ಕ್ಷಯದ ವೈದ್ಯರು ಮತ್ತು ಮನೋವೈದ್ಯರು ಇಬ್ಬರಿಗೂ ಎಲ್ಲ ಮಾತ್ರೆಗಳನ್ನು ತೋರಿಸಬೇಕಾದುದು ಇದರಿಂದಲೇ.

ಚೀಟಿಯಿಲ್ಲದೆ ಕೊಳ್ಳುವ ಔಷಧಿಗಳೂ ನಿರಪಾಯಕಾರಿಯಲ್ಲ. ಕೆಮ್ಮಿನ ಸಿರಪ್‌ನಲ್ಲಿರುವ ಡೆಕ್ಸ್‌ಟ್ರೊಮೆಥಾರ್ಫನ್ ಮತ್ತು ನೋವಿನ ಟ್ರಮಡಾಲ್ ಸೆರೊಟೋನಿನ್ ಹೆಚ್ಚಿಸುತ್ತವೆ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಜೊತೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಏರುತ್ತದೆ. ವೃದ್ಧರಲ್ಲಿ, ಅದರಲ್ಲೂ ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆ ನುಂಗುವವರಲ್ಲಿ, ರಕ್ತದ ಸೋಡಿಯಂ ಕುಸಿದು ಗೊಂದಲ ಉಂಟಾಗಬಹುದು. ಮದ್ಯ ವರ್ಜ್ಯ. ಲೈಂಗಿಕ ಆಸಕ್ತಿ ಕುಂದುವುದು ಸಾಮಾನ್ಯ ಅಡ್ಡಪರಿಣಾಮ; ಸಂಕೋಚದಿಂದ ಹೇಳದೆ ಮಾತ್ರೆ ಬಿಡುವವರಿದ್ದಾರೆ, ಆದರೆ ಪ್ರಮಾಣ ಅಥವಾ ಔಷಧಿ ಬದಲಿಸಿ ಇದನ್ನು ಸರಿಪಡಿಸಬಹುದು.

ಲಭ್ಯ ಸೇವೆಗಳು

ಕರ್ನಾಟಕದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮಾನಸಿಕ ಆರೋಗ್ಯ ಚಿಕಿತ್ಸಾಲಯಗಳನ್ನು ನಡೆಸಲಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ರೈಲಿನಲ್ಲಿ ಹೋಗಿಬರುವವರಿಗೆ ಎಟುಕುವ ದೂರದಲ್ಲಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳು ಉಚಿತ. ಕೆ.ಜಿ.ಎಫ್.ನಲ್ಲಿ ತಮಿಳು, ತೆಲುಗು ಮನೆಮಾತಿನವರು ಬಹಳ ಇರುವುದರಿಂದ ಕನ್ನಡದ ಜೊತೆಗೆ ಆ ಭಾಷೆಗಳಲ್ಲೂ ಇಲ್ಲಿ ಮಾತನಾಡಬಹುದೆಂಬುದು ಉಪಯುಕ್ತ.